ನರರೋಗ ತಜ್ಞರನ್ನು ತಯಾರು ಮಾಡುವ ಬಗೆ: ವಾರ್ಡಿನಲ್ಲಿ ಕಲಿಸುವವರಿಗೊಂದು ಕೈಪಿಡಿ

ನಡೆಯುವಾಗ ಕಾಲಿನಿಂದ ಚಪ್ಪಲಿ ಜಾರಿಹೋಗುತ್ತದೆ ಎಂದು ದೂರು ಹೇಳಿದ ರೋಗಿಗೆ ನಮ್ಮ ಹಿರಿಯರು ಒಂದು ಮರುಪ್ರಶ್ನೆ ಕೇಳದೆ ಬಿಡುತ್ತಿರಲಿಲ್ಲ: "ಜಾರಿದ್ದು ನಿಮಗೆ ಆಗಲೇ ಗೊತ್ತಾಗುತ್ತದೆಯೋ, ಇಲ್ಲ ಹಿಂದೆ ಬರುವವರು ಕೂಗಿ ಹೇಳಿದ ಮೇಲೆ ಗೊತ್ತಾಗುತ್ತದೆಯೋ?" ಗೊತ್ತಾಗಿಯೂ ಹಿಡಿದಿಟ್ಟುಕೊಳ್ಳಲು ಆಗದಿದ್ದರೆ ಪಾದ ಮತ್ತು ಬೆರಳುಗಳ ಶಕ್ತಿ ಕುಂದಿದೆ ಎಂದು ಅರ್ಥ. ಗೊತ್ತೇ ಆಗದಿದ್ದರೆ ಅಂಗಾಲಿನಿಂದ ಮೆದುಳಿಗೆ ಸುದ್ದಿ ಒಯ್ಯುವ ದಾರಿಯಲ್ಲಿ, ಅಂದರೆ ಕಾಲಿನ ನರಗಳಲ್ಲೋ ಬೆನ್ನುಹುರಿಯ ಹಿಂಭಾಗದಲ್ಲೋ, ಅಡಚಣೆಯಿದೆ ಎಂದು ಅರ್ಥ. ಅರ್ಧ ನಿಮಿಷದ ಈ ಒಂದು ಪ್ರಶ್ನೆಯಿಂದ ಮುಂದಿನ ಪರೀಕ್ಷೆಗಳ ದಿಕ್ಕೇ ನಿರ್ಧಾರವಾಗುತ್ತದೆ. ಡಾಕ್ಟರೊಬ್ಬರನ್ನು ನರರೋಗ ತಜ್ಞರನ್ನಾಗಿ ಮಾಡುವುದೆಂದರೆ ಇಂಥ ಪ್ರಶ್ನೆಗಳು ಅವರ ನಾಲಗೆಗೆ ತಾವಾಗಿ ಬರುವಂತೆ ಮಾಡುವುದು ಎಂದು ನಾನು ನಂಬಿದ್ದೇನೆ. ಸ್ಕ್ಯಾನ್ ಓದುವುದನ್ನು ಮೂರು ವರ್ಷದಲ್ಲಿ ಯಾರಾದರೂ ಕಲಿತಾರು, ಆದರೆ ಕೇಳುವುದನ್ನು ಎದುರಿಗೆ ನಿಂತು ಕಲಿಸದಿದ್ದರೆ ಅದು ಬರುವುದಿಲ್ಲ.

ನರರೋಗ ತಜ್ಞರ ಪದವಿಯಾದ ಡಿಎಂ ನ್ಯೂರಾಲಜಿಯನ್ನು ಕಲಿಸುವ ವಿಭಾಗಗಳಲ್ಲಿ ಹೊಸದಾಗಿ ಕಲಿಸಲು ತೊಡಗಿದವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಕಲಿಯಲು ಬರುವವರಿಗೂ ತಮ್ಮ ಗುರುಗಳಿಂದ ಏನನ್ನು ಕೇಳಿ ಪಡೆಯಬೇಕೆಂಬುದು ಇದರಿಂದ ತಿಳಿದರೆ ಸಂತೋಷ.

ಬರುವವರು ಯಾರು, ಬರುವ ದಾರಿ ಯಾವುದು

ಭಾರತದಲ್ಲಿ ಈ ದಾರಿ ಉದ್ದವಾದದ್ದು. ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷದ ಎಂಬಿಬಿಎಸ್, ಬಳಿಕ ಮೂರು ವರ್ಷದ ಎಂಡಿ, ಅದಾದ ಮೇಲೆ ಮೂರು ವರ್ಷದ ಡಿಎಂ ಅಥವಾ ಅದಕ್ಕೆ ಸಮಾನವಾದ ಡಿಆರ್‌ಎನ್‌ಬಿ. ಎಂಡಿಯನ್ನು ಜನರಲ್ ಮೆಡಿಸಿನ್‌ನಲ್ಲಿ ಮುಗಿಸಿದವರೇ ಹೆಚ್ಚಾಗಿ ಬರುತ್ತಾರೆ, ಮಕ್ಕಳ ವೈದ್ಯಶಾಸ್ತ್ರದಲ್ಲಿ ಮುಗಿಸಿದವರಿಗೂ ಅವಕಾಶವಿದೆ. ಬಹುತೇಕ ಕಾಲೇಜುಗಳ ಸೀಟುಗಳಿಗೆ ನೀಟ್-ಎಸ್‌ಎಸ್ ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು. ಬೆಂಗಳೂರಿನ ನಿಮ್ಹಾನ್ಸ್, ದೆಹಲಿಯ ಏಮ್ಸ್, ಚಂಡೀಗಢದ ಪಿಜಿಐ, ಪುದುಚೇರಿಯ ಜಿಪ್‌ಮರ್, ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆಗಳಿಗೆ ಐಎನ್‌ಐ-ಎಸ್‌ಎಸ್ ಎಂಬ ಬೇರೆ ಪರೀಕ್ಷೆ ಇದೆ. ಎರಡೂ ಅಖಿಲ ಭಾರತ ಮಟ್ಟದ ಪರೀಕ್ಷೆಗಳಾದ್ದರಿಂದ ಬೆಂಗಳೂರಿನಲ್ಲೋ ಮಣಿಪಾಲದಲ್ಲೋ ಕಲಿಯಲು ಬಂದವರು ಕೇರಳದವರೂ ಆಗಿರಬಹುದು, ಬಂಗಾಳದವರೂ ಆಗಿರಬಹುದು, ಬಿಹಾರದವರೂ ಆಗಿರಬಹುದು, ರೋಗಿಯ ಕನ್ನಡ ಅವರಿಗೆ ಬಾರದಿರಬಹುದು. ಈ ಸಂಗತಿಯನ್ನು ಆಡಳಿತದ ವಿಷಯವೆಂದು ಪಕ್ಕಕ್ಕಿಡುವಂತಿಲ್ಲ, ತರಬೇತಿಯ ಮೊದಲ ತಿಂಗಳಲ್ಲಿ ಏನು ಮಾಡಬೇಕು ಎಂಬುದು ಇದರಿಂದಲೇ ನಿರ್ಧಾರವಾಗುತ್ತದೆ.

ಮೂವತ್ತರ ಆಸುಪಾಸಿನಲ್ಲಿರುವ, ಎಂಡಿ ಮುಗಿಸಿ ಐಸಿಯು ನಡೆಸಿದ ಅನುಭವವಿರುವ, ಅನೇಕ ವೇಳೆ ಮದುವೆಯಾಗಿ ಮಗುವೂ ಇರುವ ವೈದ್ಯರು ನಮ್ಮೆದುರು ವಿದ್ಯಾರ್ಥಿಗಳಾಗಿ ನಿಂತಿರುತ್ತಾರೆ ಎಂಬುದನ್ನು ಮರೆಯಬಾರದು. ಅವರನ್ನು ರೋಗಿಯ ಎದುರಿಗೆ ಗದರಿಸಿ ಕಲಿಸುವ ಹಳೆಯ ಪದ್ಧತಿ ನಿಲ್ಲಬೇಕು. ಗದರಿಕೆಗೆ ಹೆದರಿದವರು ತಮಗೆ ಗೊತ್ತಿಲ್ಲದ್ದನ್ನು ಮುಚ್ಚಿಡಲು ಕಲಿಯುತ್ತಾರೆ, ಮತ್ತು ನರರೋಗ ವಿಭಾಗದಲ್ಲಿ ಮುಚ್ಚಿಟ್ಟ ಅಜ್ಞಾನದ ಬೆಲೆಯನ್ನು ರೋಗಿ ತೆರುತ್ತಾನೆ.

ಮೊದಲ ಮೂರು ತಿಂಗಳು: ಕೇಳಲು ಕಲಿಸಿ

ಮೊದಲ ತಿಂಗಳಲ್ಲಿ, ವಾರ್ಡಿನಲ್ಲಿ ದುಡಿಯುತ್ತ ಕಲಿಯುವ ಪ್ರತಿ ರೆಸಿಡೆಂಟ್ ವೈದ್ಯರಿಗೂ ಒಂದು ನೋಟ್‌ಬುಕ್ ಕೊಟ್ಟು, ರೋಗಿ ಆಡಿದ ಮಾತನ್ನು ಅದರಲ್ಲಿ ಇದ್ದ ಹಾಗೆಯೇ ಬರೆದುಕೊಳ್ಳಲು ಹೇಳಿ. ಕನ್ನಡ ಬಾರದವರು ತಮಗೆ ಬರುವ ಲಿಪಿಯಲ್ಲೇ ಬರೆದುಕೊಳ್ಳಲಿ. "ಜೋಮು ಹಿಡಿದಿದೆ" ಎಂದು ಒಬ್ಬರು ಹೇಳಿದರೆ ಸ್ಪರ್ಶವೇ ತಿಳಿಯುತ್ತಿಲ್ಲ ಎಂದಿರಬಹುದು, ಇರುವೆ ಹರಿದಂತೆ ಆಗುತ್ತಿದೆ ಎಂದೂ ಇರಬಹುದು, ಕೈ ಎತ್ತಲು ಆಗುತ್ತಿಲ್ಲ ಎಂದೂ ಇರಬಹುದು. "ತಲೆಸುತ್ತು" ಎಂದವರಿಗೆ ಮನೆ ಗಿರ್ರನೆ ತಿರುಗಿದ ಅನುಭವವಾಗಿದೆಯೋ, ಎದ್ದು ನಿಂತಾಗ ಕಣ್ಣು ಕತ್ತಲೆ ಬಂದಿದೆಯೋ, ನಡೆಯುವಾಗ ತೂಕ ತಪ್ಪುತ್ತಿದೆಯೋ ಎಂದು ಕೇಳಿ ಬಿಡಿಸಿಕೊಳ್ಳಬೇಕು, ಏಕೆಂದರೆ ಮೊದಲನೆಯದು ಒಳಕಿವಿಯ ಕಡೆಗೂ, ಎರಡನೆಯದು ರಕ್ತದೊತ್ತಡ ಮತ್ತು ಹೃದಯದ ಕಡೆಗೂ, ಮೂರನೆಯದು ಕಿರುಮೆದುಳು ಅಥವಾ ಕಾಲಿನ ನರಗಳ ಕಡೆಗೂ ಬೆರಳು ತೋರಿಸುತ್ತದೆ. "ಲಕ್ವ ಹೊಡೆದಿದೆ" ಎಂಬ ಮಾತಂತೂ ಅರ್ಧ ಮೈ ಬಿದ್ದುಹೋದದ್ದಕ್ಕೂ ಮುಖ ಮಾತ್ರ ಸೊಟ್ಟಗಾದದ್ದಕ್ಕೂ ಬಳಕೆಯಲ್ಲಿದೆ. ರೋಗಿಯ ಮಾತನ್ನು ಕೇಸ್ ಶೀಟಿನಲ್ಲಿ ಕೂಡಲೇ ಇಂಗ್ಲಿಷ್ ಪದಕ್ಕೆ ಇಳಿಸಿದರೆ ಈ ವ್ಯತ್ಯಾಸಗಳೆಲ್ಲ ಅಳಿಸಿಹೋಗುತ್ತವೆ, ಮತ್ತು ಮಾರನೆಯ ದಿನ ರೌಂಡ್ಸಿಗೆ ಬಂದ ನಾವು ಆ ಇಂಗ್ಲಿಷ್ ಪದದ ಬಗ್ಗೆ ಚರ್ಚಿಸುತ್ತೇವೆಯೇ ಹೊರತು ರೋಗಿಯ ಬಗ್ಗೆ ಅಲ್ಲ.

ಪ್ರಶ್ನೆಗಳು ರೋಗಿಯ ದಿನಚರಿಯಿಂದ ಬರಬೇಕು. ನೆಲದ ಮೇಲೆ ಕುಳಿತವರು ಕೈಯೂರದೆ ಏಳಬಲ್ಲರೇ ಎಂಬುದರಿಂದ ಸೊಂಟ ಮತ್ತು ತೊಡೆಯ ಶಕ್ತಿ ತಿಳಿಯುತ್ತದೆ. ಅಟ್ಟದ ಮೇಲಿನ ಡಬ್ಬ ಇಳಿಸಲು, ತಲೆ ಬಾಚಿಕೊಳ್ಳಲು ಕಷ್ಟವೇ ಎಂಬುದರಿಂದ ಭುಜದ ಶಕ್ತಿ ತಿಳಿಯುತ್ತದೆ. ಅನ್ನ ಕಲಸಿ ತುತ್ತು ಮಾಡುವುದು, ರವಿಕೆಯ ಹುಕ್ಕು ಅಥವಾ ಅಂಗಿಯ ಗುಂಡಿ ಹಾಕುವುದು, ಹೂ ಕಟ್ಟುವುದು ಬೆರಳುಗಳ ವಿಷಯ. ಮುಖ ತೊಳೆಯಲು ಕಣ್ಣು ಮುಚ್ಚಿದ ಕೂಡಲೇ ಮುಂದಕ್ಕೆ ಮುಗ್ಗರಿಸಿದಂತಾಗುತ್ತದೆಯೇ ಎಂದು ಕೇಳಿದರೆ, ಕಾಲುಗಳ ಸ್ಥಿತಿಯನ್ನು ಮೆದುಳಿಗೆ ತಿಳಿಸುವ ದಾರಿ ಹಾಳಾಗಿದೆಯೇ ಎಂಬುದು ಯಾವ ಯಂತ್ರವೂ ಇಲ್ಲದೆ ಗೊತ್ತಾಗುತ್ತದೆ. ಹೊಟ್ಟೆಯ ಸುತ್ತ ಪಟ್ಟಿ ಬಿಗಿದು ಕಟ್ಟಿದ ಹಾಗಿದೆ ಎಂದು ರೋಗಿ ತಾನಾಗಿ ಹೇಳಿದರೆ ಅದು ಬೆನ್ನುಹುರಿಯದೇ ಮಾತು. ಇಂಥ ಪ್ರಶ್ನೆಗಳನ್ನು ಪಟ್ಟಿ ಮಾಡಿ ಹಂಚಿದರೆ ಪ್ರಯೋಜನವಿಲ್ಲ. ಹಿರಿಯ ವೈದ್ಯರು ಓಪಿಡಿಯಲ್ಲಿ ಕೇಳುವಾಗ ಕಿರಿಯರು ಪಕ್ಕದಲ್ಲಿ ಕುಳಿತು ಕೇಳಿಸಿಕೊಳ್ಳಬೇಕು, ಬಳಿಕ ಅವರು ಕೇಳುವಾಗ ಹಿರಿಯರು ಬಾಯಿ ಹಾಕದೆ ಕುಳಿತಿರಬೇಕು. ಎರಡನೆಯದು ಮೊದಲನೆಯದಕ್ಕಿಂತ ಕಷ್ಟ, ಓಪಿಡಿಯ ಸಾಲು ಬಾಗಿಲ ಹೊರಗೆ ಬೆಳೆಯುತ್ತಿರುವಾಗ ಇನ್ನೂ ಕಷ್ಟ. ಆದರೂ ವಾರಕ್ಕೆ ಒಬ್ಬ ರೋಗಿಯ ಮಟ್ಟಿಗಾದರೂ ಅದನ್ನು ಮಾಡಲೇಬೇಕು.

ಮೂರ್ಛೆರೋಗದಲ್ಲಿ ಕೇಳಬೇಕಾದದ್ದು ರೋಗಿಯನ್ನಲ್ಲ, ನೋಡಿದವರನ್ನು. ಆಸ್ಪತ್ರೆಗೆ ಕರೆದುಕೊಂಡು ಬಂದ ಚಿಕ್ಕಪ್ಪ ಅದನ್ನು ಕಣ್ಣಾರೆ ಕಂಡಿರುವುದಿಲ್ಲ, ಕಂಡಿರುವ ಅಜ್ಜಿ ಊರಿನಲ್ಲಿರುತ್ತಾರೆ. ಅಜ್ಜಿಗೆ ಫೋನ್ ಮಾಡಿ ಮಾತಾಡುವುದನ್ನು ಕಿರಿಯ ವೈದ್ಯರಿಗೆ ಅಭ್ಯಾಸ ಮಾಡಿಸಬೇಕು. "ಹೇಗಾಯಿತು" ಎಂದು ಕೇಳಿ "ಫಿಟ್ಸ್ ಬಂತು" ಎಂಬ ಉತ್ತರಕ್ಕೆ ತೃಪ್ತರಾಗದೆ, ಎದುರಿಗಿರುವವರಿಗೆ "ಸ್ವಲ್ಪ ಮಾಡಿ ತೋರಿಸಿ" ಎನ್ನಬೇಕು. ತಲೆ ಯಾವ ಕಡೆಗೆ ತಿರುಗಿತು, ಯಾವ ಕೈ ಮೊದಲು ಅದುರಿತು, ಕಣ್ಣು ತೆರೆದಿತ್ತೋ ಮುಚ್ಚಿತ್ತೋ, ಎಚ್ಚರವಾದ ಮೇಲೆ ಎಷ್ಟು ಹೊತ್ತು ಗುರುತು ಸಿಗಲಿಲ್ಲ ಎಂಬುದು ಅವರ ಅಭಿನಯದಲ್ಲಿ ಹೊರಬರುತ್ತದೆ. ಮುಂದಿನ ಸಲ ಬಂದರೆ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳಿ ಎಂದು ಹೇಳಿ ಕಳಿಸುವುದನ್ನೂ ರೂಢಿ ಮಾಡಿಸಿ.

ಪರೀಕ್ಷೆಯ ಕೈ

ನರಮಂಡಲದ ಪೂರ್ಣ ಪರೀಕ್ಷೆಗೆ ಬೇಕಾದ ಸಾಮಗ್ರಿ ಒಂದು ಚೀಲದಲ್ಲಿ ಹಿಡಿಯುತ್ತದೆ: ಹ್ಯಾಮರ್, 128 ಹರ್ಟ್ಸ್‌ನ ಟ್ಯೂನಿಂಗ್ ಫೋರ್ಕ್, ಕಣ್ಣಿನೊಳಗೆ ನೋಡುವ ಆಫ್ತಾಲ್ಮೋಸ್ಕೋಪ್, ಟಾರ್ಚ್, ಹತ್ತಿ, ಬಳಸಿ ಬಿಸಾಡುವ ಪಿನ್ನು. ಪ್ರತಿಯೊಬ್ಬರೂ ತಮ್ಮದೇ ಚೀಲ ಇಟ್ಟುಕೊಳ್ಳಲಿ. ಇವುಗಳಲ್ಲಿ ಆಫ್ತಾಲ್ಮೋಸ್ಕೋಪಿನ ಬಳಕೆಯೇ ಎಲ್ಲಕ್ಕಿಂತ ಮೊದಲು ಕೈಬಿಟ್ಟುಹೋಗುತ್ತಿದೆ ಎಂಬುದು ನನಗೆ ನಿಜವಾದ ಚಿಂತೆ. ಕಣ್ಣಿನ ಹಿಂಭಾಗದ ನರದ ತಲೆ ಊದಿಕೊಂಡಿದೆಯೇ ಎಂದು ನೋಡುವುದು ತಲೆನೋವಿನ ಪ್ರತಿ ರೋಗಿಗೂ ಆಗಲೇಬೇಕಾದ ಕೆಲಸ. ತಲೆಯೊಳಗೆ ಒತ್ತಡ ಏರಿರುವುದನ್ನು ಅದು ಸ್ಕ್ಯಾನ್ ಸಹಜವಾಗಿ ಕಂಡಾಗಲೂ ತೋರಿಸಿಕೊಡಬಹುದು. ಮೊದಲ ಆರು ತಿಂಗಳು ದಿನಕ್ಕೆ ಮೂರು ರೋಗಿಗಳ ಕಣ್ಣನ್ನು ನೋಡಿ ಬರೆಯಲು ಹೇಳಿದರೆ ಆಮೇಲೆ ಯಾರೂ ಹೇಳಬೇಕಾಗುವುದಿಲ್ಲ.

ಬಾಬಿನ್‌ಸ್ಕಿ 1896ರಲ್ಲಿ ವಿವರಿಸಿದ ಅಂಗಾಲಿನ ಲಕ್ಷಣವನ್ನು ಎಲ್ಲರೂ ಪುಸ್ತಕದಲ್ಲಿ ಓದಿರುತ್ತಾರೆ, ಸರಿಯಾಗಿ ಮಾಡುವವರು ಕಡಿಮೆ. ಹಿಮ್ಮಡಿಯ ಹೊರ ಅಂಚಿನಿಂದ ಕಿರುಬೆರಳಿನ ಬುಡದವರೆಗೆ ನಿಧಾನವಾಗಿ ಗೀರಿ, ಅಲ್ಲಿಂದ ಹೆಬ್ಬೆರಳಿನ ಕಡೆಗೆ ತಿರುಗಬೇಕು, ಮತ್ತು ಕಣ್ಣು ಹೆಬ್ಬೆರಳಿನ ಮೊದಲ ಚಲನೆಯ ಮೇಲಿರಬೇಕು. ಅದು ಮೇಲಕ್ಕೆದ್ದರೆ ಮೆದುಳಿನಲ್ಲೋ ಬೆನ್ನುಹುರಿಯಲ್ಲೋ ತೊಂದರೆಯಿದೆ ಎಂದು ಅರ್ಥ. ಜೀವನವಿಡೀ ಬರಿಗಾಲಿನಲ್ಲಿ ಗದ್ದೆ-ತೋಟಗಳಲ್ಲಿ ನಡೆದ ರೈತರ ಅಂಗಾಲು ದಪ್ಪಗಟ್ಟಿರುತ್ತದೆ, ಅಲ್ಲಿ ಎಷ್ಟು ಗೀರಿದರೂ ಉತ್ತರ ಬಾರದಿರಬಹುದು. ಆಗ ಪಾದದ ಹೊರಮಗ್ಗುಲಲ್ಲಿ, ಕಾಲಿನ ಗಿಣ್ಣಿನ ಕೆಳಗೆ ಗೀರುವ ಚಾಡಕ್ ವಿಧಾನವನ್ನು ತೋರಿಸಿಕೊಡಬೇಕು. ಇಂಥ ಸಣ್ಣ ಸಂಗತಿಗಳನ್ನು ಹಾಸಿಗೆಯ ಬಳಿ ಕೈ ಹಿಡಿದು ತೋರಿಸದೆ ಬೇರೆ ದಾರಿಯಿಲ್ಲ.

ಮಾತು ಮತ್ತು ಬುದ್ಧಿಶಕ್ತಿಯ ಪರೀಕ್ಷೆಯಲ್ಲಿ ಭಾಷೆಯ ಪ್ರಶ್ನೆ ಮತ್ತೆ ಎದುರಾಗುತ್ತದೆ. ಮನೆಯವರು "ಮಾತು ನಿಂತುಹೋಯಿತು" ಎಂದಾಗ, ನಾಲಗೆ ತೊದಲಿ ಉಚ್ಚಾರ ಕೆಟ್ಟಿದೆಯೋ, ಪದಗಳೇ ಹೊಳೆಯುತ್ತಿಲ್ಲವೋ, ಹೇಳಿದ್ದು ಅರ್ಥವಾಗುತ್ತಿಲ್ಲವೋ ಎಂಬುದನ್ನು ರೋಗಿಯ ಮನೆಮಾತಿನಲ್ಲೇ ಪರೀಕ್ಷಿಸಿ ತಿಳಿಯಬೇಕು. ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಆಡುವವರನ್ನು ಕನ್ನಡದಲ್ಲಿ ಮಾತ್ರ ಪರೀಕ್ಷಿಸಿ ತೀರ್ಮಾನಕ್ಕೆ ಬರುವುದು ತಪ್ಪು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಈ ಕ್ಷೇತ್ರದಲ್ಲಿ ಕೆಲಸ ಮಾಡುತ್ತ ಬಂದಿದೆ, ಮೆದುಳಿನ ತೊಂದರೆಯಿಂದ ಭಾಷೆ ಕೆಡುವ ಭಾಷಾಘಾತವನ್ನು ಅಳೆಯಲು ಕನ್ನಡಕ್ಕೆ ಹೊಂದಿಸಿದ ಪರೀಕ್ಷೆಗಳೂ ಇವೆ. ಕೆಲವು ದಿನವಾದರೂ ವಾಕ್ ಚಿಕಿತ್ಸಕರ ಜೊತೆ ಕುಳಿತು ಕಲಿಯುವ ವ್ಯವಸ್ಥೆ ಮಾಡಿ. ಓದು ಬರಹ ತಿಳಿಯದವರಿಗೆ ಗಡಿಯಾರದ ಚಿತ್ರ ಬರೆಸಿ ಮರೆವಿನ ರೋಗವೆಂದು ಷರಾ ಬರೆಯುವುದು ಅನ್ಯಾಯ. ಸಂತೆಯಲ್ಲಿ ನೂರು ರೂಪಾಯಿ ಕೊಟ್ಟು ಅರವತ್ತೈದರ ಸಾಮಾನು ತಂದರೆ ಉಳಿದದ್ದೆಷ್ಟು, ಯುಗಾದಿ ಆಗಿ ಎಷ್ಟು ದಿನವಾಯಿತು, ವಾರದ ಹೆಸರುಗಳನ್ನು ಹಿಂದುಮುಂದಾಗಿ ಹೇಳಿ ಎಂದು ಕೇಳಬಹುದು.

ಜಾಗ ಮೊದಲು, ಕಾರಣ ಆಮೇಲೆ

ನರರೋಗಶಾಸ್ತ್ರದ ಶಿಸ್ತೆಲ್ಲ ಒಂದು ಕ್ರಮದಲ್ಲಿದೆ. ತೊಂದರೆ ಎಲ್ಲಿದೆ ಎಂಬುದನ್ನು ಮೊದಲು ನಿರ್ಧರಿಸಬೇಕು: ಮೆದುಳಿನ ಹೊರಪದರದಲ್ಲೋ, ಒಳಭಾಗದಲ್ಲೋ, ಮೆದುಳಕಾಂಡದಲ್ಲೋ, ಬೆನ್ನುಹುರಿಯಲ್ಲೋ, ನರದ ಬೇರಿನಲ್ಲೋ, ನರದಲ್ಲೋ, ನರ ಮತ್ತು ಸ್ನಾಯು ಕೂಡುವಲ್ಲೋ, ಸ್ನಾಯುವಿನಲ್ಲೋ. ಅದಾದ ಮೇಲೆ ಏನಾಗಿದೆ ಎಂಬ ಪ್ರಶ್ನೆ, ಅದಕ್ಕೆ ರೋಗ ಬಂದ ವೇಗವೇ ದೊಡ್ಡ ಸುಳಿವು. ಕ್ಷಣಾರ್ಧದಲ್ಲಿ ಬಂದದ್ದು ರಕ್ತನಾಳದ್ದು, ದಿನಗಳಲ್ಲಿ ಏರಿದ್ದು ಸೋಂಕು ಅಥವಾ ಉರಿಯೂತದ್ದು, ತಿಂಗಳುಗಳಲ್ಲಿ ಬೆಳೆದದ್ದು ಗೆಡ್ಡೆಯದು, ವರ್ಷಗಳಲ್ಲಿ ಸವೆದದ್ದು ಕೋಶಗಳ ನಶಿಸುವಿಕೆಯದು ಎಂದು ಸ್ಥೂಲವಾಗಿ ಹಿಡಿಯಬಹುದು. ಪ್ರತಿ ಕೇಸ್ ಪ್ರೆಸೆಂಟೇಶನ್ನಿನಲ್ಲಿ ಸ್ಕ್ಯಾನ್ ಫಿಲ್ಮನ್ನು ಕವರಿನಿಂದ ತೆಗೆಯುವ ಮೊದಲು ರೆಸಿಡೆಂಟ್ ವೈದ್ಯರು ಜಾಗವನ್ನು ಬರೆದಿಟ್ಟು ಸಹಿ ಹಾಕಬೇಕು. ಈ ಒಂದು ನಿಯಮವನ್ನು ಬಿಡದೆ ಪಾಲಿಸಿದರೆ ಉಳಿದದ್ದು ತಾನಾಗಿ ಬರುತ್ತದೆ ಎಂದು ನಾನು ಅನುಭವದಿಂದ ಹೇಳಬಲ್ಲೆ.

ಅನುಭವ ಬಂದದ್ದು ನನ್ನದೇ ತಪ್ಪಿನಿಂದ. ತರಬೇತಿಯ ಮೊದಲ ವರ್ಷದಲ್ಲಿ ಎರಡೂ ಕಾಲು ಸೋತ, ಮೂತ್ರ ಕಟ್ಟಿದ ಮಹಿಳೆಯೊಬ್ಬರನ್ನು ರಾತ್ರಿ ಪಾಳಿಯಲ್ಲಿ ನೋಡಿದೆ. ಕಾಲಿನ ತೊಂದರೆಯೆಂದು ಸೊಂಟದ ಭಾಗದ ಎಂಆರ್‌ಐ ಬರೆದುಕೊಟ್ಟೆ, ವರದಿ ಸಹಜವಾಗಿದೆಯೆಂದು ಬಂತು, ನಾನು ನಿರಾಳನಾದೆ. ಬೆಳಗ್ಗೆ ನಮ್ಮ ಗುರುಗಳು ವರದಿಯನ್ನು ಕೇಳಿಸಿಕೊಂಡು ಏನೂ ಹೇಳದೆ, ಒಂದು ಪಿನ್ನು ತೆಗೆದುಕೊಂಡು ತೊಡೆಯಿಂದ ಮೇಲಕ್ಕೆ ಮೆಲ್ಲನೆ ಚುಚ್ಚುತ್ತ ಹೋದರು. ಹೊಕ್ಕುಳನ್ನು ದಾಟುತ್ತಿದ್ದಂತೆ ಆಕೆ "ಈಗ ಚುಚ್ಚಿದ್ದು ಗೊತ್ತಾಯಿತು" ಎಂದರು. ಹೊಕ್ಕುಳಿನ ಮಟ್ಟವೆಂದರೆ ಎದೆಭಾಗದ ಹತ್ತನೆಯ ನರ. ತೊಂದರೆ ಇದ್ದದ್ದು ನಾನು ಚಿತ್ರ ತೆಗೆಸದ ಜಾಗದಲ್ಲಿ. ಬೆನ್ನುಹುರಿಯನ್ನು ಒತ್ತುತ್ತಿದ್ದ ಕ್ಷಯದ ಗಂಟು ಎದೆಯ ಎಂಆರ್‌ಐನಲ್ಲಿ ಸ್ಪಷ್ಟವಾಗಿ ಕಂಡಿತು. ಅಷ್ಟರಲ್ಲಿ ಎಂಟು ತಾಸು ಕಳೆದುಹೋಗಿತ್ತು. ಅಂದಿನಿಂದ ಹೊಸ ರೆಸಿಡೆಂಟ್ ವೈದ್ಯರಿಗೆ ನಾನು ಮೊದಲು ಕಲಿಸುವುದೇ ಪಿನ್ನು ಹಿಡಿದು ಕಾಲಿನಿಂದ ಎದೆಯವರೆಗೆ ಹೋಗುವುದನ್ನು.

ತುರ್ತಿನ ಹೊತ್ತು

ಪಾರ್ಶ್ವವಾಯುವಿನ ಚಿಕಿತ್ಸೆಯಲ್ಲಿ ತರಬೇತಿಯೆಂದರೆ ಗಡಿಯಾರದ ತರಬೇತಿ. ಹೆಪ್ಪು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಅದಕ್ಕೆ ಮೊದಲು ಸಿಟಿ ಸ್ಕ್ಯಾನಿನಲ್ಲಿ ರಕ್ತಸ್ರಾವ ಇಲ್ಲವೆಂದು ಖಚಿತವಾಗಬೇಕು. ದೊಡ್ಡ ರಕ್ತನಾಳ ಮುಚ್ಚಿದವರಲ್ಲಿ ಕ್ಯಾತಿಟರ್ ಮೂಲಕ ಹೆಪ್ಪನ್ನು ಎಳೆದು ತೆಗೆಯುವ ಚಿಕಿತ್ಸೆಯನ್ನು ಆಯ್ದ ಕೆಲವರಿಗೆ 24 ಗಂಟೆಯವರೆಗೂ ಮಾಡಬಹುದು. ಗಡಿಯಾರ ಶುರುವಾಗುವುದು ಮನೆಯವರು ಗಮನಿಸಿದ ಹೊತ್ತಿನಿಂದಲ್ಲ, ರೋಗಿ ಕೊನೆಯ ಬಾರಿಗೆ ಚೆನ್ನಾಗಿದ್ದುದನ್ನು ಯಾರಾದರೂ ಕಂಡ ಹೊತ್ತಿನಿಂದ. "ಬೆಳಗ್ಗೆ ಎದ್ದಾಗ ಹೀಗಿತ್ತು" ಎಂದರೆ ರಾತ್ರಿ ನೀರು ಕುಡಿಯಲು ಎದ್ದಿದ್ದರೇ, ಹಾಲಿನವನು ಬಂದಾಗ ಬಾಗಿಲು ತೆರೆದವರು ಯಾರು ಎಂದು ಕೇಳಬೇಕು. ಗಂಟೆ ನಿಮಿಷದ ಲೆಕ್ಕ ಇಡದ ಮನೆಗಳಲ್ಲಿ ಬಸ್ಸು ಬಂದ ಹೊತ್ತು, ಕರೆಂಟು ಹೋದ ಹೊತ್ತು, ಧಾರಾವಾಹಿ ಶುರುವಾದ ಹೊತ್ತು ಉಪಯೋಗಕ್ಕೆ ಬರುತ್ತವೆ. ಔಷಧ ಕೊಡುವ ತೀರ್ಮಾನವನ್ನು ಎರಡನೆಯ ವರ್ಷದಿಂದ ರೆಸಿಡೆಂಟ್ ವೈದ್ಯರೇ ಮೊದಲು ಹೇಳಲಿ, ಹಿರಿಯರು ಒಪ್ಪಿಗೆ ಕೊಡಲಿ. ಮೂರನೆಯ ವರ್ಷದವರೆಗೂ ಹಿರಿಯರೇ ತೀರ್ಮಾನಿಸಿದರೆ, ತರಬೇತಿ ಮುಗಿಸಿದ ಮರುದಿನ ಜಿಲ್ಲಾ ಕೇಂದ್ರವೊಂದರಲ್ಲಿ ಒಂಟಿಯಾಗಿ ನಿಂತ ಆ ವೈದ್ಯರ ಕೈ ನಡುಗುತ್ತದೆ.

ಐದು ನಿಮಿಷ ದಾಟಿದರೂ ನಿಲ್ಲದ ಫಿಟ್ಸನ್ನು ತುರ್ತು ಸ್ಥಿತಿಯೆಂದೇ ನೋಡಿ ಚಿಕಿತ್ಸೆ ಶುರುಮಾಡಬೇಕು. ಇದನ್ನು ನರ್ಸುಗಳಿಗೂ ಒಟ್ಟಿಗೆ ಕಲಿಸಿ, ಏಕೆಂದರೆ ಮೊದಲ ಇಂಜೆಕ್ಷನ್ ತಡವಾಗುವುದು ಬಹಳ ಸಲ ಔಷಧದ ಬೀಗದ ಕೈ ಹುಡುಕುವಲ್ಲಿ.

ಗಿಲ್ಲನ್-ಬಾರೇ ಎಂಬ ನರಗಳ ಕಾಯಿಲೆಯ ರೋಗಿಯನ್ನು ರಾತ್ರಿ ಕಾಯುವುದು ಹೇಗೆಂದು ಪ್ರತ್ಯೇಕವಾಗಿ ಹೇಳಿಕೊಡಬೇಕು. ಕಾಲಿನಿಂದ ಮೇಲೇರುವ ಸೋಲು ಉಸಿರಿನ ಸ್ನಾಯುಗಳನ್ನು ಮುಟ್ಟಿದ್ದು ಆಮ್ಲಜನಕದ ಮೀಟರಿನಲ್ಲಿ ಕೊನೆಗೆ ಕಾಣುತ್ತದೆ, ಅಷ್ಟು ಹೊತ್ತಿಗೆ ತಡವಾಗಿರುತ್ತದೆ. ರೋಗಿಗೆ ದೀರ್ಘವಾಗಿ ಉಸಿರೆಳೆದುಕೊಂಡು ಒಂದೇ ಉಸಿರಿನಲ್ಲಿ ಒಂದು, ಎರಡು, ಮೂರು ಎಂದು ಗಟ್ಟಿಯಾಗಿ ಎಣಿಸಲು ಹೇಳಿ, ಎಷ್ಟರವರೆಗೆ ಬಂದರೆಂದು ಕೆಲವು ಗಂಟೆಗಳಿಗೊಮ್ಮೆ ಹಾಸಿಗೆಯ ಚಾರ್ಟಿನಲ್ಲಿ ಬರೆಯಬೇಕು. ಸಂಜೆ ಮೂವತ್ತರವರೆಗೆ ಎಣಿಸಿದವರು ನಡುರಾತ್ರಿ ಹದಿನೈದಕ್ಕೆ ನಿಂತರೆ ಐಸಿಯುಗೆ ಒಯ್ಯಲು ಇನ್ನೊಂದು ಕಾರಣ ಬೇಕಿಲ್ಲ. ತಲೆಯನ್ನು ದಿಂಬಿನಿಂದ ಎತ್ತಬಲ್ಲರೇ, ಕೆಮ್ಮಿನಲ್ಲಿ ಬಲವಿದೆಯೇ ಎಂಬುದನ್ನೂ ಅದರ ಪಕ್ಕದಲ್ಲೇ ಬರೆಯಲಿ.

ಬೆನ್ನಿನ ನೀರು ತೆಗೆಯುವುದನ್ನು ಎಲ್ಲರೂ ಎಂಡಿಯಲ್ಲೇ ಕಲಿತಿರುತ್ತಾರೆ, ಆದ್ದರಿಂದ ಸೂಜಿ ಹಾಕುವುದನ್ನು ಹೇಳಿಕೊಡುವ ಅಗತ್ಯ ಕಡಿಮೆ. ಬಿಟ್ಟುಹೋಗುವುದು ಬೇರೆ ಎರಡು ಸಂಗತಿಗಳು: ಮಾನೋಮೀಟರ್ ಹಿಡಿದು ಒತ್ತಡ ಅಳೆಯುವುದು, ಮತ್ತು ಅದೇ ಹೊತ್ತಿಗೆ ರಕ್ತದ ಸಕ್ಕರೆಯನ್ನೂ ಪರೀಕ್ಷೆಗೆ ಕಳಿಸುವುದು. ಕ್ಷಯದ ಮೆದುಳುಪೊರೆ ಉರಿಯೂತ ನಮ್ಮಲ್ಲಿ ಇನ್ನೂ ಸಾಮಾನ್ಯ. ಬೆನ್ನಿನ ನೀರಿನ ಸಕ್ಕರೆ ಕಡಿಮೆಯೇ ಎಂಬುದು ರಕ್ತದ ಸಕ್ಕರೆಯ ಜೊತೆ ಇಟ್ಟು ನೋಡಿದಾಗ ಮಾತ್ರ ತಿಳಿಯುತ್ತದೆ.

ನೆಲದ ರೋಗಗಳು

ವಿದೇಶದ ಪಠ್ಯಪುಸ್ತಕ ಓದಿ ಪರೀಕ್ಷೆ ಗೆದ್ದು ಬಂದವರಿಗೆ ಈ ನೆಲದ ರೋಗಗಳನ್ನು ಹೆಸರು ಹಿಡಿದು ಕಲಿಸಬೇಕು. ತಲೆಗೆ ಬಿಸಿನೀರು ಸುರಿದುಕೊಂಡಾಗ ಬರುವ ಮೂರ್ಛೆಯನ್ನು ಕರ್ನಾಟಕದಷ್ಟು ಹೆಚ್ಚಾಗಿ ಕಾಣುವ ಪ್ರದೇಶಗಳು ಜಗತ್ತಿನಲ್ಲಿ ಕಡಿಮೆ. ನರರೋಗ ತಜ್ಞರಾದ ಡಾ. ಕೆ. ಎಸ್. ಮಣಿ, ಡಾ. ಪಿ. ಸತೀಶ್ಚಂದ್ರ ಮುಂತಾದವರ ಅಧ್ಯಯನಗಳಿಂದಲೇ ಇದು ವೈದ್ಯಲೋಕಕ್ಕೆ ಚೆನ್ನಾಗಿ ಪರಿಚಯವಾಯಿತು. ಹಂಡೆಯ ಬಿಸಿನೀರನ್ನು ಚೆಂಬಿನಲ್ಲಿ ಬಿಡುವಿಲ್ಲದೆ ತಲೆಗೆ ಸುರಿಯುವ ನಮ್ಮ ಎಣ್ಣೆನೀರಿನ ಸ್ನಾನದ ಕ್ರಮ ಗೊತ್ತಿಲ್ಲದ ವೈದ್ಯರಿಗೆ "ಸ್ನಾನದ ಮನೆಯಲ್ಲಿ ಬಿದ್ದ" ಎಂಬ ಮಾತು ಕಾಲು ಜಾರಿದಂತೆಯೇ ಕೇಳಿಸುತ್ತದೆ. ನೀರಿನ ಬಿಸಿಯನ್ನು ತಗ್ಗಿಸುವುದು, ತಲೆಗೆ ನೀರು ಹಾಕಿಕೊಳ್ಳುವ ದಿನ ಸ್ನಾನಕ್ಕೆ ಒಂದೂವರೆ ಎರಡು ಗಂಟೆ ಮೊದಲು ಕ್ಲೋಬಜಾಂ ಮಾತ್ರೆ ಕೊಡುವುದು ಅನೇಕರಿಗೆ ಸಾಕಾಗುತ್ತದೆ, ದಿನನಿತ್ಯದ ಮಾತ್ರೆಯ ಹೊರೆ ತಪ್ಪುತ್ತದೆ. ಹಾಗೆಯೇ ಹದಿಹರೆಯದ ಹುಡುಗರಲ್ಲಿ ಒಂದೇ ಕೈಯೋ ಕಾಲೋ ಮೆಲ್ಲನೆ ಸೊರಗಿ, ಕೆಲವು ವರ್ಷಗಳ ನಂತರ ಅಲ್ಲಿಗೇ ನಿಲ್ಲುವ ಕಾಯಿಲೆಯನ್ನು ನಿಮ್ಹಾನ್ಸ್‌ನ ಡಾ. ಎಂ. ಗೌರಿದೇವಿ 1984ರಲ್ಲಿ ವಿವರಿಸಿದರು. ಅದನ್ನು ತಿಳಿಯದವರು ಆ ಹುಡುಗನ ತಂದೆತಾಯಿಗೆ, ಮೈಯಿಡೀ ಹರಡಿ ಜೀವಕ್ಕೆ ಎರವಾಗುವ ಮೋಟಾರ್ ನ್ಯೂರಾನ್ ಕಾಯಿಲೆಯೆಂದು ಹೇಳಿ ಬದುಕೇ ಮುಗಿಯಿತೆಂಬಂತೆ ಮಾಡುವ ಅಪಾಯವಿದೆ.

ಆಸ್ಪತ್ರೆಯ ಹೊರಗೂ ಕರೆದುಕೊಂಡು ಹೋಗಿ. ಗೌರಿದೇವಿಯವರ ತಂಡ ಬೆಂಗಳೂರಿನ ನಗರ ಮತ್ತು ಗ್ರಾಮಾಂತರ ಪ್ರದೇಶಗಳಲ್ಲಿ 1,02,557 ಜನರ ನಡುವೆ ನಡೆಸಿದ ಸಮೀಕ್ಷೆಯಲ್ಲಿ ನರರೋಗಗಳ ಪ್ರಮಾಣ ನಗರಕ್ಕಿಂತ ಹಳ್ಳಿಗಳಲ್ಲಿ ಸುಮಾರು ಎರಡು ಪಟ್ಟು ಇದ್ದದ್ದು ಕಂಡುಬಂತು. ತಜ್ಞರೋ ನಗರಗಳಲ್ಲಿದ್ದಾರೆ. ಯಳಂದೂರಿನ ಹಳ್ಳಿಗಳಲ್ಲಿ ಡಾ. ಮಣಿ ಮತ್ತು ಸಂಗಡಿಗರು ಫಿನೋಬಾರ್ಬಿಟಾಲ್, ಫೆನಿಟಾಯಿನ್‌ನಂಥ ಅಗ್ಗದ ಮಾತ್ರೆಗಳಿಂದಲೇ ಮೂರ್ಛೆರೋಗವನ್ನು ಹತೋಟಿಗೆ ತರಬಹುದೆಂದು ತೋರಿಸಿದ ಅಧ್ಯಯನವನ್ನು ಪ್ರತಿ ರೆಸಿಡೆಂಟ್ ವೈದ್ಯರೂ ಓದಿರಬೇಕು. 2022ರಲ್ಲಿ ಆರಂಭವಾದ ಕರ್ನಾಟಕದ ಮೆದುಳು ಆರೋಗ್ಯ ಕಾರ್ಯಕ್ರಮದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ನಿಮ್ಹಾನ್ಸ್ ತರಬೇತಿ ಕೊಡುತ್ತದೆ. ನಮ್ಮ ಕಿರಿಯರು ಅಂಥ ತರಬೇತಿಗಳಲ್ಲಿ ಪಾಠ ಹೇಳುವವರ ಜೊತೆ ಹೋದರೆ, ಹಳ್ಳಿಯ ವೈದ್ಯರಿಗೆ ನಿಜವಾಗಿ ಏನು ಬೇಕೆಂಬುದು ಅವರಿಗೆ ತಿಳಿಯುತ್ತದೆ.

ಉಳಿದ ಪೋಸ್ಟಿಂಗ್‌ಗಳು

ಮೆದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಇಇಜಿ, ನರಗಳ ವೇಗ ಅಳೆಯುವ ಎನ್‌ಸಿಎಸ್ ಮತ್ತು ಸ್ನಾಯುಗಳ ವಿದ್ಯುತ್ ಚಟುವಟಿಕೆ ನೋಡುವ ಇಎಂಜಿ ಲ್ಯಾಬ್, ನ್ಯೂರೋ ರೇಡಿಯಾಲಜಿ, ನ್ಯೂರೋ ಸರ್ಜರಿ, ಮಕ್ಕಳ ನರರೋಗ, ಮನೋವೈದ್ಯಶಾಸ್ತ್ರ, ಪುನಶ್ಚೇತನ ಇವೆಲ್ಲಕ್ಕೂ ಪಾಳಿ ಹಾಕಲೇಬೇಕು. ಅವುಗಳ ವಿವರ ಪ್ರತಿ ಸಂಸ್ಥೆಯ ಪಠ್ಯಕ್ರಮದಲ್ಲಿ ಇರುವುದರಿಂದ ಎರಡು ಮಾತು ಮಾತ್ರ ಹೇಳುತ್ತೇನೆ. ಲ್ಯಾಬಿನಲ್ಲಿ ವರದಿ ಓದಿದರೆ ಸಾಲದು, ಎಲೆಕ್ಟ್ರೋಡನ್ನು ರೆಸಿಡೆಂಟ್ ವೈದ್ಯರೇ ಅಂಟಿಸಬೇಕು. ಕೈ ತಣ್ಣಗಿದ್ದರೆ ನರದ ವೇಗ ಕಡಿಮೆಯೆಂದು ತೋರಿಸುತ್ತದೆ ಎಂಬಂಥ ಸಂಗತಿಗಳು ತಾವೇ ಪರೀಕ್ಷೆ ಮಾಡಿದವರಿಗೆ ಮಾತ್ರ ಮನಸ್ಸಿನಲ್ಲಿ ನಿಲ್ಲುತ್ತವೆ. ಎರಡನೆಯದು, ರೋಗಶಾಸ್ತ್ರ ವಿಭಾಗದಲ್ಲಿ ಮೆದುಳನ್ನು ಕತ್ತರಿಸಿ ನೋಡುವ ದಿನಗಳನ್ನು ತಪ್ಪಿಸಿಕೊಳ್ಳಬಾರದು. ನಿಮ್ಹಾನ್ಸ್‌ನಲ್ಲಿ 1995ರಿಂದ ನಡೆದುಬಂದಿರುವ ಮೆದುಳಿನ ಅಂಗಾಂಶ ಭಂಡಾರವೂ ಅಲ್ಲಿನ ವಸ್ತುಸಂಗ್ರಹಾಲಯವೂ ನಮ್ಮ ರಾಜ್ಯದಲ್ಲೇ ಇವೆ. ಬೇರೆ ಕಾಲೇಜಿನವರೂ ಅನುಮತಿ ಪಡೆದು ತಮ್ಮವರನ್ನು ಕಳಿಸಬಹುದು.

ಮನೆಯವರ ಜೊತೆ ಮಾತು

ಇದನ್ನು ಯಾವ ಲಾಗ್‌ಬುಕ್ಕಿನಲ್ಲೂ ಯಾರೂ ಎಣಿಸುವುದಿಲ್ಲ, ಆದರೆ ತಜ್ಞರ ದಿನದ ಅರ್ಧ ಇದರಲ್ಲೇ ಕಳೆಯುತ್ತದೆ. ಮೂರ್ಛೆರೋಗವಿರುವ ಹೆಣ್ಣುಮಗಳ ತಾಯಿ ಬಾಗಿಲು ಹಾಕಿದ ಮೇಲೆ ತಗ್ಗಿದ ದನಿಯಲ್ಲಿ ಕೇಳುವ ಮೊದಲ ಪ್ರಶ್ನೆ ಮದುವೆಯದು. ಮದುವೆ ಆಗಬಹುದು, ಮಕ್ಕಳೂ ಆಗಬಹುದು ಎಂದು ಸ್ಪಷ್ಟವಾಗಿ ಹೇಳಲು ಕಿರಿಯರಿಗೆ ಬರಬೇಕು. ಮೂರ್ಛೆರೋಗವನ್ನು ವಿವಾಹಕ್ಕೆ ಅಡ್ಡಿಯೆನ್ನುತ್ತಿದ್ದ ಮಾತನ್ನು ಹಿಂದೂ ವಿವಾಹ ಕಾಯ್ದೆಯಿಂದ 1999ರಲ್ಲೇ ತೆಗೆಯಲಾಗಿದೆ ಎಂಬುದೂ ಗೊತ್ತಿರಬೇಕು. ಜೊತೆಗೆ ಗರ್ಭಿಣಿಯಾಗುವ ವಯಸ್ಸಿನವರಿಗೆ, ಹೊಟ್ಟೆಯಲ್ಲಿರುವ ಮಗುವಿಗೆ ಹಾನಿ ಮಾಡಬಲ್ಲ ಸೋಡಿಯಂ ವಾಲ್‌ಪ್ರೊಯೇಟ್ ಬರೆಯುವಾಗ ಕೈ ತಡೆಯಬೇಕು, ಬೇರೆ ಔಷಧದಿಂದ ಆಗುತ್ತದೆಯೇ ಎಂದು ನೋಡಬೇಕು, ಫೋಲಿಕ್ ಆಮ್ಲವನ್ನು ಮೊದಲೇ ಶುರುಮಾಡಬೇಕು. ಗುಣವಾಗದ ಕಾಯಿಲೆಯ ಸುದ್ದಿ ಹೇಳುವಾಗ ಕಿರಿಯರನ್ನು ಹೊರಗೆ ಕಳಿಸಬೇಡಿ, ಪಕ್ಕದಲ್ಲಿ ಕೂರಿಸಿಕೊಳ್ಳಿ. ಎಲ್ಲಿ ನಿಲ್ಲಿಸಿದಿರಿ, ಎಷ್ಟು ಹೊತ್ತು ಸುಮ್ಮನಿದ್ದಿರಿ ಎಂಬುದನ್ನು ಅವರು ನೋಡಿ ಕಲಿಯುತ್ತಾರೆ.

ಕೊನೆಯ ಆರು ತಿಂಗಳು

ಅಂತಿಮ ಪರೀಕ್ಷೆಯಲ್ಲಿ ನಾಲ್ಕು ಲಿಖಿತ ಪತ್ರಿಕೆಗಳು, ಒಬ್ಬ ರೋಗಿಯನ್ನು ಪೂರ್ತಿಯಾಗಿ ಪರೀಕ್ಷಿಸಿ ವಿವರಿಸುವ ಲಾಂಗ್ ಕೇಸ್, ಚಿಕ್ಕದಾಗಿ ನೋಡುವ ಶಾರ್ಟ್ ಕೇಸ್‌ಗಳು ಮತ್ತು ವೈವಾ ಎಂಬ ಮೌಖಿಕ ಪರೀಕ್ಷೆ ಇರುವುದು ವಾಡಿಕೆ. ಅದಕ್ಕೆ ಪ್ರತ್ಯೇಕ ತಯಾರಿ ಬೇಕು, ಆದರೆ ಮೂರು ವರ್ಷವೂ ವಾರಕ್ಕೊಮ್ಮೆ ಹಿರಿಯರ ಕಣ್ಣೆದುರು ಒಬ್ಬ ರೋಗಿಯನ್ನು ಆರಂಭದಿಂದ ಕೊನೆಯವರೆಗೆ ಪರೀಕ್ಷಿಸಿದವರಿಗೆ ಲಾಂಗ್ ಕೇಸಿನ ಭಯ ಇರುವುದಿಲ್ಲ. ಆ ವಾರದ ಪರೀಕ್ಷೆಯ ನಂತರ ಹತ್ತು ನಿಮಿಷ ಮಾತಾಡಿ, ಸರಿಯಾದ ಒಂದು ಸಂಗತಿಯನ್ನೂ ತಿದ್ದಿಕೊಳ್ಳಬೇಕಾದ ಒಂದು ಸಂಗತಿಯನ್ನೂ ಬರೆದುಕೊಡಿ. ಒಂದೇ ಸಾಕು. ಹತ್ತು ತಪ್ಪು ಒಟ್ಟಿಗೆ ಹೇಳಿದರೆ ಯಾವುದೂ ತಿದ್ದುವುದಿಲ್ಲ.

ಕೊನೆಯ ಆರು ತಿಂಗಳು ಅವರಿಗೆ ಸ್ವಂತ ಓಪಿಡಿ ದಿನವೊಂದನ್ನು ಕೊಟ್ಟು, ಪಕ್ಕದ ಕೋಣೆಯಲ್ಲಿ ನೀವು ಕುಳಿತಿರಿ. ಕರೆದರೆ ಮಾತ್ರ ಹೋಗಿ. ಮೂರು ವರ್ಷ ತಮ್ಮಲ್ಲಿಗೇ ಬರುತ್ತಿದ್ದ ಹಳೆಯ ರೋಗಿಗಳ ಪಟ್ಟಿಯನ್ನು ಅವರು ಹೊರಡುವ ತಿಂಗಳಿಗೆ ಮೊದಲೇ ಮಾಡಿ, ಪ್ರತಿಯೊಬ್ಬರ ಪುಸ್ತಕದಲ್ಲೂ ಮುಂದಿನ ವೈದ್ಯರಿಗೆ ಒಂದು ಪುಟದ ಟಿಪ್ಪಣಿ ಬರೆಯಲಿ: ರೋಗ ಎಲ್ಲಿದೆ, ಏನು, ಯಾವ ಔಷಧ ಪ್ರಯತ್ನಿಸಿ ಬಿಟ್ಟದ್ದು ಏಕೆ, ಮನೆಯಲ್ಲಿ ಮಾತ್ರೆ ಕೊಡುವವರು ಯಾರು. ಅದರ ಕೆಳಗೆ ರೋಗಿಗಾಗಿ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ, ಮಾತ್ರೆಯ ಹೆಸರು, ಹೊತ್ತು, ಮತ್ತು ಯಾವ ಲಕ್ಷಣ ಕಂಡರೆ ಕಾಯದೆ ಬರಬೇಕು ಎಂಬುದನ್ನು ಬರೆದು, ಅದನ್ನು ಒಮ್ಮೆ ಅವರಿಂದಲೇ ಓದಿಸಿಯೋ ಹೇಳಿಸಿಯೋ ನೋಡಿ ಕಳಿಸಲಿ.